ಓದುವವನ ಕಟ್ಟು

ನನ್ನ ಹಳೆಯ ಗೆಳೆಯ ತೀರಿಹೋಗಿ ನಲವತ್ತು ದಿನ ಆಯಿತು. ಬಂಟ್ವಾಳದ ಅವನ ಮನೆಗೆ ಬಂದು ಹೋದವರೆಲ್ಲ ಅವನ ಕೊನೆಯ ಇಪ್ಪತ್ತು ವರ್ಷಗಳ ಮಾತನ್ನೇ ಆಡಿದರು. ಅಂಗಡಿ ಇಟ್ಟದ್ದು, ಮಕ್ಕಳನ್ನು ಓದಿಸಿದ್ದು, ಶಾಲೆಗೆ ಬಾವಿ ತೋಡಿಸಲು ಓಡಾಡಿದ್ದು. ಎಲ್ಲವೂ ನಿಜ. ನಾನು ಒಂದು ಮೂಲೆಯಲ್ಲಿ ಕೂತು ಕೇಳಿಸಿಕೊಂಡೆ. ನನಗೆ ಅವನು ಗೊತ್ತಿದ್ದದ್ದು ಅದಕ್ಕೆಲ್ಲ ಎಷ್ಟೋ ಮೊದಲು, ಮಡಿಲಲ್ಲಿ ಮೊರದಂಥ ಗೆರಸೆ ಇಟ್ಟುಕೊಂಡು ನನ್ನ ಬಲಬದಿಗೆ ಕೂತು ಬೀಡಿ ಕಟ್ಟುತ್ತಿದ್ದವನಾಗಿ. ಆಗ ಒಟ್ಟಿಗೆ ಕೂತವರಲ್ಲಿ ಈಗ ಉಳಿದವನು ನಾನೊಬ್ಬನೇ. "ನೆನಪುಂಟಾ ಮಾರಾಯ?" ಎಂದು ಕೇಳಬೇಕಾದರೆ ಇನ್ನು ಯಾರನ್ನು ಕೇಳುವುದು?

ಹೊರಡುವಾಗ ಅವನ ಮಗಳು ಗೇಟಿನವರೆಗೆ ಬಂದಳು. "ದೊಡ್ಡಪ್ಪ, ಅಪ್ಪ ಬೀಡಿ ಕಟ್ಟುತ್ತಿದ್ದರು ಅಂತ ಗೊತ್ತುಂಟು. ಆದರೆ ಆ ಕಾಲದ್ದು ಒಂದೂ ನಮಗೆ ಹೇಳ್ಲಿಲ್ಲ. ಕೇಳಿದ್ರೆ ನಗುವುದು, ಅಷ್ಟೆ. ನೀವು ಬರೆದು ಕೊಡ್ಲಿಕ್ಕಾಗ್ತದಾ?" ಎಂದಳು. ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟವನು. ಆದರೂ ಬರೆಯುತ್ತೇನೆ ಎಂದೆ. ಅವನು ನಕ್ಕದ್ದು ಯಾಕೆಂದು ನನಗೆ ಗೊತ್ತಿತ್ತು.

ನಮ್ಮ ಬೀಡಿ ಬ್ರಾಂಚು ಇದ್ದದ್ದು ಬೆಳ್ತಂಗಡಿ ಪೇಟೆಯಿಂದ ಗುರುವಾಯನಕೆರೆಗೆ ಹೋಗುವ ದಾರಿಯಲ್ಲಿ, ರಸ್ತೆಗೆ ತಾಗಿದ ಒಂದು ಹಂಚಿನ ಮಾಡಿನ ಕಟ್ಟಡದಲ್ಲಿ. ಐವತ್ತರ ದಶಕದ ಕೊನೆಯ ವರ್ಷಗಳು. ಹೆಂಗಸರು ಮನೆಯಲ್ಲೇ ಕಟ್ಟಿ ತಂದು ಕೊಡುತ್ತಿದ್ದರು. ಗಂಡಸರು ಹದಿನೆಂಟು ಮಂದಿ ಬ್ರಾಂಚಿನ ಒಳಗೆ ಎರಡು ಸಾಲಾಗಿ, ಗೋಡೆಗೆ ಬೆನ್ನು ಕೊಟ್ಟು, ಎದುರುಬದುರು ಕೂರುತ್ತಿದ್ದೆವು. ಒಬ್ಬೊಬ್ಬನಿಗೆ ಒಂದೊಂದು ಚಾಪೆ. ಬೆಳಿಗ್ಗೆ ಒದ್ದೆ ಗೋಣಿಯಿಂದ ಎಲೆ ತೆಗೆದು, ತಗಡಿನ ಅಳತೆ ಇಟ್ಟು ಕತ್ತರಿಸಿ, ಆಮೇಲೆ ಕಟ್ಟಲು ಕೂತರೆ ಸಂಜೆಯವರೆಗೆ ಕೈಗೆ ಬಿಡುವಿಲ್ಲ. ಹೊಸದಾಗಿ ಬಂದವರು ಹೊಗೆಸೊಪ್ಪಿನ ಹುಡಿಗೆ ಮೂರು ದಿನ ಸೀನುತ್ತಿದ್ದರು. ನಾನು ಹನ್ನೆರಡು ದಿನ ಸೀನಿದೆ. ಅದು ಆ ಬ್ರಾಂಚಿನ ದಾಖಲೆ ಎಂದು ಅವನು ಹೇಳುತ್ತಿದ್ದ.

ಬ್ರಾಂಚನ್ನು ನಡೆಸುತ್ತಿದ್ದವರು ಒಬ್ಬರು ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರು. ನಾವು ಕಾಕ ಎಂದು ಕರೆಯುತ್ತಿದ್ದೆವು. ಮಂಗಳೂರಿನಿಂದ ಎಲೆ, ಹುಡಿ, ನೂಲು ತರಿಸಿ ನಮಗೆ ಹಂಚಿ, ಕಟ್ಟಿದ ಬೀಡಿಯನ್ನು ಅಲ್ಲಿಗೆ ತಲುಪಿಸುವುದು ಅವರ ಕೆಲಸ. ಸಂಜೆ ನಾವು ಇಪ್ಪತ್ತೈದು ಬೀಡಿಯ ಒಂದೊಂದು ಕಟ್ಟನ್ನು ಮೇಜಿನ ಮೇಲಿಟ್ಟರೆ ಕಾಕ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಸಡಿಲ ಕಂಡರೆ ಕಟ್ಟು ಹಾರಿ ಮೂಲೆಯ ಡಬ್ಬಕ್ಕೆ ಬೀಳುತ್ತಿತ್ತು. ಬೈಗುಳ ಇಲ್ಲ, ಹಾರುವ ಕಟ್ಟು ಮಾತ್ರ.

ತುಳುವಿನಲ್ಲಿ ಹಾಡು, ತಮಾಷೆ, ಜಗಳ ಎಲ್ಲ ನಡೆಯುತ್ತಿತ್ತು. ಆದರೆ ಹತ್ತು ಗಂಟೆಗೆ ಬಂಟ್ವಾಳದ ಕಡೆಯಿಂದ ಬಸ್ಸು ಬಂದರೆ ಎಲ್ಲ ನಿಲ್ಲುತ್ತಿತ್ತು. ಕಂಡಕ್ಟರು ಬಸ್ಸು ನಿಲ್ಲಿಸದೆಯೇ ಕನ್ನಡ ಪೇಪರನ್ನು ಸುರುಳಿ ಮಾಡಿ ನಮ್ಮ ಜಗಲಿಗೆ ಎಸೆಯುತ್ತಿದ್ದ. ಅಲ್ಲಿಂದ ಮುಂದೆ ಎರಡು ಗಂಟೆ ಓದು. ಒಬ್ಬ ಓದುವುದು, ಉಳಿದವರು ಕೇಳುತ್ತ ಬೀಡಿ ಕಟ್ಟುವುದು. ಓದುವವನ ಕೈ ಖಾಲಿ ಇರುತ್ತದಲ್ಲ? ಅದಕ್ಕೆ ಸಂಜೆ ನಾವು ಒಬ್ಬೊಬ್ಬರು ನಮ್ಮ ಗೆರಸೆಯಿಂದ ಒಂದೊಂದು ಕಟ್ಟು ತೆಗೆದು ಅವನ ಗೆರಸೆಗೆ ಹಾಕಬೇಕು. ಅದಕ್ಕೆ ಓದುವವನ ಕಟ್ಟು ಎಂದೇ ಹೆಸರು. ನಾವು ಬರುವುದಕ್ಕೆ ಮೊದಲೇ ಯಾರೋ ಮಾಡಿಟ್ಟ ಕ್ರಮ ಅದು. ಕೊಡಬೇಕೋ ಬೇಡವೋ ಎಂದು ಯಾರೂ ಯೋಚಿಸಿದ್ದಿಲ್ಲ.

ನಾವು ಕೆಲಸ ಮಾಡುತ್ತಿದ್ದ ಆ ಕಾಲದಲ್ಲಿ ಓದುತ್ತಿದ್ದವನು ಅವನು. ಹೇಗೆ ಓದುತ್ತಿದ್ದ ಎನ್ನುತ್ತೀರಿ! ಮಂತ್ರಿಯ ಭಾಷಣವನ್ನು ಮಂತ್ರಿಯ ಗಂಟಲಲ್ಲಿ, ವಕೀಲರ ಮಾತನ್ನು ವಕೀಲರ ಗಂಟಲಲ್ಲಿ. ಅಡಿಕೆಯ ಧಾರಣೆ ಇಳಿದರೆ ಯಕ್ಷಗಾನದ ಭಾಗವತರ ಹಾಗೆ ಶೋಕದ ರಾಗ ಎಳೆಯುತ್ತಿದ್ದ. ಓದುವಾಗ ಅವನ ಮುಖವೇ ಬೇರೆ. ದಿನದ ಉಳಿದ ಹೊತ್ತು ಆ ಎರಡು ಗಂಟೆಗಾಗಿ ಬದುಕುತ್ತಿದ್ದ ಎಂದರೂ ಸರಿಯೇ. ಒಂದು ದೋಷವೂ ಇತ್ತು. ಅವನ ಓದು ಬಿಸಿಯೇರಿದ ಹಾಗೆ ನಮ್ಮ ಕೈಯೂ ಓಡುತ್ತಿತ್ತು, ಬೀಡಿ ಸಡಿಲವಾಗುತ್ತಿತ್ತು. ಸಂಜೆ ಡಬ್ಬ ತುಂಬಿದರೆ ಕಾಕ ತಲೆ ಎತ್ತದೆ ಕೇಳುತ್ತಿದ್ದರು, "ಎಂಥ, ಇವತ್ತು ಪೇಪರಲ್ಲಿ ಕೊಲೆ ಇತ್ತಾ?"

ಎರಡನೆಯವನಾಗಿ ಚೆನ್ನಾಗಿ ಓದಬಲ್ಲವನು ನಾನು. ಅವನಿಗೆ ಶೀತವಾದ ದಿನ ನನಗೆ ಪೇಪರ್ ಸಿಗುತ್ತಿತ್ತು. ಅವನಿಗೆ ಶೀತವಾಗಲಿ ಎಂದು ನಾನು ಹಾರೈಸುತ್ತಿದ್ದೆ ಎಂಬುದನ್ನು ಈಗ ಬರೆದರೆ ಅಡ್ಡಿಯಿಲ್ಲ.

ಎದುರು ಸಾಲಿನ ತುದಿಯಲ್ಲಿ ಕೂರುತ್ತಿದ್ದವರು ಮಾವ. ಯಾರ ಮಾವನೂ ಅಲ್ಲ, ಎಲ್ಲರೂ ಹಾಗೆ ಕರೆಯುತ್ತಿದ್ದದ್ದು. ಪ್ರಾಯದಲ್ಲಿ ಅವರಿಗಿಂತ ದೊಡ್ಡವರಾದ ಕಾಕನೂ ಮಾವ ಎಂದೇ ಹೇಳುತ್ತಿದ್ದರು. ನಮ್ಮಲ್ಲಿ ಅರ್ಧ ಜನಕ್ಕೆ ಬೀಡಿ ಕಟ್ಟಲು ಕಲಿಸಿದವರು ಅವರೇ, ನನಗೂ ಅವನಿಗೂ ಕೂಡ. ಅವರ ಕಟ್ಟನ್ನು ಕಾಕ ಒತ್ತಿ ನೋಡುವ ಸಂಪ್ರದಾಯವೇ ಇರಲಿಲ್ಲ. ಮನೆಯಲ್ಲಿ ಅವರೂ ಅವರ ಹೆಂಡತಿಯೂ ಇಬ್ಬರೇ. ಮಾವನ ಕೈ ಓಡಿದರೆ ಒಲೆ ಉರಿಯುತ್ತಿತ್ತು.

ಒಂದು ವರ್ಷ ಮಾವನ ಕೈ ಸೋತಿತು. ಬೆರಳಿನ ಗೆಣ್ಣುಗಳು ಊದಿ, ಬೆಳಿಗ್ಗೆ ಮುಷ್ಟಿ ಹಿಡಿಯಲೂ ಆಗುತ್ತಿರಲಿಲ್ಲ. ನಾಲ್ಕು ಬಗೆಯ ಎಣ್ಣೆ ಹಚ್ಚಿ ನೋಡಿದರು. ನಾವು ಎರಡು ಬೀಡಿ ಕಟ್ಟುವಾಗ ಅವರದು ಒಂದು. ತೆಗೆದುಕೊಂಡ ಎಲೆಗೆ ಸರಿಯಾಗಿ ಬೀಡಿ ಬರಬೇಕು, ಬಾರದಿದ್ದರೆ ಮಂಗಳೂರಿನವರು ಕೇಳುವುದು ಕಾಕನನ್ನು. ಹೊರಗೆ ಜಗಲಿಯಲ್ಲಿ ಒಂದು ಚಾಪೆ ಖಾಲಿಯಾದೀತೇ ಎಂದು ಕಾಯುವವರು ಯಾವಾಗಲೂ ಇಬ್ಬರು ಮೂವರು ಇರುತ್ತಿದ್ದರು.

ಒಂದು ಸಂಜೆ ಕಾಕ ಹೇಳಿಯೇ ಬಿಟ್ಟರು. "ಮಾವ, ಈ ತಿಂಗಳು ನೋಡ್ತೇನೆ. ಆಮೇಲೆ ನಿಮ್ಮ ಚಾಪೆ ಬೇರೆಯವರಿಗೆ ಕೊಡಬೇಕಾಗ್ತದೆ. ನಾನು ಎಂಥ ಮಾಡುವುದು ಹೇಳಿ?"

"ನೀವು ಎಂಥ ಮಾಡುವುದು? ಅದು ಸರಿ," ಎಂದರು ಮಾವ. ಸಿಟ್ಟು ಮಾಡಿಕೊಂಡಿದ್ದರೆ ನಮಗೆ ಅಷ್ಟು ಬೇಸರವಾಗುತ್ತಿರಲಿಲ್ಲ.

ಮರುದಿನದಿಂದ ನಾವು ಕಳ್ಳರ ಕೆಲಸ ಶುರುಮಾಡಿದೆವು. ಮಾವ ನೀರು ಕುಡಿಯಲು ಎದ್ದಾಗ ಯಾರಾದರೂ ಎರಡು ಕಟ್ಟು ಅವರ ಗೆರಸೆಗೆ ಸೇರಿಸುವುದು. ಮೊದಲ ದಿನವೇ ಸಿಕ್ಕಿಬಿದ್ದೆವು. ಮಾವ ಬಂದು ಕೂತವರು ಒಂದು ಕಟ್ಟನ್ನು ಎತ್ತಿ ತಿರುಗಿಸಿ ನೋಡಿದರು. "ಇದರ ನೂಲು ಎಡಗೈಯವ ಸುತ್ತಿದ್ದು," ಎಂದು ನಮ್ಮಲ್ಲಿದ್ದ ಒಬ್ಬನೇ ಎಡಗೈಯವನ ಮಡಿಲಿಗೆ ಎಸೆದರು. ಇನ್ನೊಂದನ್ನು ಮೂಸಿ ನನ್ನ ಕಡೆಗೆ ಎಸೆದರು. "ಇದು ನಿನ್ನದು. ಬೀಡಿಯ ಬಾಯಿ ಮಡಚುವಾಗ ಅವಸರ. ಕಲಿಸಿದವನಿಗೇ ಗೊತ್ತಾಗುವುದಿಲ್ವಾ? ನಾನು ಬೇಡಿ ತಿನ್ನುವವನಲ್ಲ ಮಕ್ಕಳೇ."

ನಾವು ತಲೆ ತಗ್ಗಿಸಿ ಬೀಡಿ ಕಟ್ಟಿದೆವು. ಎಡಗೈಯವ ಮಾತ್ರ, "ನಾನು ಎಡಗೈಯವ ಆದದ್ದು ನನ್ನ ತಪ್ಪಾ?" ಎಂದು ಗೊಣಗಿದ.

ಮುಂದಿನ ಸೋಮವಾರ ಪೇಪರ್ ಬಂತು. ಅವನು ಎದ್ದು ಹೋಗಿ ತಂದ. ಕೂರಲಿಲ್ಲ. ಗಂಟಲು ಹಿಡಿದುಕೊಂಡು, ಬಹಳ ಕಷ್ಟದಲ್ಲಿ ಪಿಸುಗುಟ್ಟಿದ. "ನನಗೆ ಇನ್ನು ಓದ್ಲಿಕ್ಕಾಗುವುದಿಲ್ಲ. ಮದ್ದು ಕೊಡುವ ಪಂಡಿತರು ಆರು ತಿಂಗಳು ಗಟ್ಟಿ ಮಾತಾಡಬಾರದು ಅಂತ ಹೇಳಿದ್ದಾರೆ."

ಇನ್ನು ಪೇಪರ್ ನನಗೇ. ಕೈಯ ಹುಡಿ ಕೊಡವಿ, ಪಂಚೆ ಸರಿಮಾಡಿ ಕೂತೆ. ಅವನು ನನ್ನನ್ನು ದಾಟಿ ಹೋಗಿ ಪೇಪರನ್ನು ಮಾವನ ಮಡಿಲಲ್ಲಿ ಇಟ್ಟ.

"ಮಾವ, ಇನ್ನು ನೀವು ಓದಿ."

ಸಾಲಿಗೆ ಸಾಲೇ ನಕ್ಕಿತು. ಮಾವ ಎರಡನೆಯ ತರಗತಿಯನ್ನೂ ಮುಗಿಸಿದವರಲ್ಲ. ಬಸ್ಸಿನ ಬೋರ್ಡು ಓದುತ್ತಿದ್ದರು, ಅದೂ ಬಸ್ಸು ನಿಂತಿದ್ದರೆ.

"ನಾನಾ? ನನಗೆ ಅಕ್ಷರ ಬರ್ತದೆ ಮಾರಾಯ. ಆದರೆ ಅದು ಬಂದು ಮುಟ್ಟುವಾಗ ಮಧ್ಯಾಹ್ನ ಆಗ್ತದೆ!"

"ಆಗ್ಲಿ. ನಮಗೆಲ್ಲಿಗೆ ಹೋಗ್ಲಿಕ್ಕುಂಟು?"

"ಇಲ್ಲಿ ನೋಡು, ನಿನ್ನ ಉಪಾಯ ನನಗೆ ಗೊತ್ತಾಗುವುದಿಲ್ಲ ಅಂತ..."

"ಉಪಾಯ ಎಂಥದ್ದೂ ಇಲ್ಲ," ಎಂದ ಅವನು. ಪಿಸುಗುಟ್ಟುವುದನ್ನು ಒಂದು ಗಳಿಗೆ ಮರೆತಿದ್ದ. "ಓದುವುದೂ ಕೆಲಸ. ಎರಡು ಗಂಟೆ ಹದಿನೇಳು ಜನರ ಕೈಯಿಂದ ಬೈಗುಳ ತಿನ್ನುವ ಕೆಲಸ. ನಾನು ಇಷ್ಟು ಸಮಯ ತಿಂದೆ. ನಿಮಗೆ ಆಗದಿದ್ರೆ ಹೇಳಿ."

ಆಗದು ಎಂದು ಹೇಳುವವರಲ್ಲ ಮಾವ. ಪೇಪರ್ ಬಿಡಿಸಿದರು. ದೂರ ಹಿಡಿದರು, ಹತ್ತಿರ ತಂದರು. "ಮಂ... ಗ... ಳೂ... ರಿ... ನ... ಲ್ಲಿ," ಎಂದರು. ಅಷ್ಟರಲ್ಲಿ ನಾನು ಎರಡು ಬೀಡಿ ಕಟ್ಟಿ ಮುಗಿಸಿದ್ದೆ.

ಆ ಸಂಜೆ ಹದಿನೇಳು ಕಟ್ಟು ಮಾವನ ಗೆರಸೆಗೆ ಬಿತ್ತು. ಅವರು ಕಟ್ಟಿದ್ದೂ ಸೇರಿ ಲೆಕ್ಕಕ್ಕೆ ಸರಿಹೋಯಿತು. ಕಾಕ ಒಮ್ಮೆ ಮಾವನನ್ನು, ಒಮ್ಮೆ ಅವನನ್ನು ನೋಡಿ, ಕಟ್ಟುಗಳನ್ನು ಪೆಟ್ಟಿಗೆಗೆ ತುಂಬಿದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಒಬ್ಬನೇ ನಗುತ್ತೇನೆ. ಮಾವ ಪ್ರತಿ ಪದವನ್ನೂ ಗದ್ದೆಯ ಕೆಸರಿನಿಂದ ಕಾಲು ಕೀಳುವ ಹಾಗೆ ಒಂದೊಂದೇ ಅಕ್ಷರವಾಗಿ ಎತ್ತುತ್ತಿದ್ದರು. ಪದ ಏನಾದೀತು ಎಂದು ನಾವು ಮನಸ್ಸಿನಲ್ಲೇ ಊಹಿಸುತ್ತಿದ್ದೆವು. "ಪ್ರ... ಧಾ... ನ..." ಎಂದರೆ ಎಲ್ಲರೂ ಉಸಿರು ಹಿಡಿದು ಕಾಯುವುದು, ಮಂತ್ರಿಯೋ, ಅಂಚೆ ಕಚೇರಿಯೋ? ಇನ್ನೊಂದು ಹಟ ಇತ್ತು ಅವರಿಗೆ. ಒಂದು ಪೇಪರ್ ಶುರುಮಾಡಿದರೆ ಮೊದಲ ಅಕ್ಷರದಿಂದ ಕೊನೆಯ ಜಾಹೀರಾತಿನವರೆಗೆ ಮುಗಿಸದೆ ಮುಂದಿನದನ್ನು ಮುಟ್ಟುತ್ತಿರಲಿಲ್ಲ. "ಅವರು ಅಷ್ಟು ಕಷ್ಟಪಟ್ಟು ಬರೆದಿದ್ದಾರೆ. ಅರ್ಧದಲ್ಲಿ ಬಿಡುವುದಾ?" ಓದದ ಪೇಪರುಗಳು ಅವರ ಚಾಪೆಯ ಬಳಿ ಒಂದರ ಮೇಲೊಂದು ಏರಿದವು. ಎರಡು ತಿಂಗಳಾಗುವಾಗ ನಾವು ಹೊರಗಿನ ಲೋಕಕ್ಕಿಂತ ಹನ್ನೊಂದು ದಿನ ಹಿಂದೆ ಬಿದ್ದಿದ್ದೆವು.

ಯಾರೂ ಮುಂದಿನ ಸುದ್ದಿ ಹೇಳಬಾರದು ಎಂಬ ಒಪ್ಪಂದ ಮಾತಿಲ್ಲದೆಯೇ ಆಗಿಹೋಗಿತ್ತು. ಆಗ ಒಂದು ಮೊಕದ್ದಮೆ ನಡೆಯುತ್ತಿತ್ತು. ಘಟ್ಟದ ಮೇಲಿನ ಸಾಹುಕಾರರ ಮನೆಯಲ್ಲಿ ಸರ ಕಳೆದುಹೋಗಿ, ಅಡುಗೆಯವನನ್ನು ಹಿಡಿದಿದ್ದರು. ಅಡುಗೆಯವನಿಗೆ ಬಿಡುಗಡೆಯಾದ ಸುದ್ದಿ ಕ್ಷೌರದಂಗಡಿಯಲ್ಲಿ, ಚಾದಂಗಡಿಯಲ್ಲಿ ಎಲ್ಲ ಕಡೆ ಆಗಿತ್ತು. ನಮ್ಮ ಬ್ರಾಂಚಿನಲ್ಲಿ ಅವನು ಇನ್ನೂ ಕಟಕಟೆಯಲ್ಲೇ ನಿಂತಿದ್ದ. "ಕದ್ದವನೇ ಅವನು," ಎಂದು ಒಬ್ಬ, "ಸಾಧ್ಯವೇ ಇಲ್ಲ," ಎಂದು ಇನ್ನೊಬ್ಬ. ಇಬ್ಬರಿಗೂ ತೀರ್ಪು ಗೊತ್ತು. ಒಂದು ಚಾದ ಪಂದ್ಯ ಕೂಡ ಕಟ್ಟಿದರು, ಸೋಲುವ ಕಡೆಗೆ ಕಟ್ಟಿದವನು ಗೊತ್ತಿದ್ದೇ ಕಟ್ಟಿದ.

ಇದರಲ್ಲಿ ಸೇರದವನು ನಾನೊಬ್ಬನೇ. ಮಾವ ತಡವರಿಸಿದ ಕೂಡಲೇ ನನ್ನ ಬಾಯಿಂದ ಪದ ಹೊರಗೆ ಬರುತ್ತಿತ್ತು. "ನ್ಯಾಯಾಧೀಶ," ಎನ್ನುತ್ತಿದ್ದೆ. "ಪರಿಶೀಲನೆ," ಎನ್ನುತ್ತಿದ್ದೆ. ಎಲ್ಲರಿಗೂ ಕೇಳುವ ಹಾಗೆ, ಸ್ವಲ್ಪ ನಗುವನ್ನೂ ಸೇರಿಸಿ. ಮಾವ "ಹೌದು, ಅದೇ," ಎಂದು ಮುಂದೆ ಹೋಗುತ್ತಿದ್ದರು. ಅವರ ಕಿವಿ ಕೆಂಪಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಒಂದು ಸಂಜೆ ಮನೆಗೆ ನಡೆಯುವಾಗ ಅವನು ಕೇಳಿದ, "ನಿನಗೆ ಓದ್ಲಿಕ್ಕೆ ಬರ್ತದೆ ಅಂತ ನಮಗೆಲ್ಲ ಗೊತ್ತುಂಟು. ಇನ್ನೆಂಥ ಬೇಕು ನಿನಗೆ?"

"ನಿನ್ನ ಗಂಟಲು ಸರಿಯಾದ ಹಾಗೆ ಕಾಣ್ತದಲ್ಲ," ಎಂದು ಚುಚ್ಚಿದೆ.

"ದಾರಿಯಲ್ಲಿ ಸರಿ ಉಂಟು. ಬ್ರಾಂಚಿನಲ್ಲಿ ಇಲ್ಲ," ಎಂದ. ಎಂಟು ದಿನ ನಾನು ಅವನೊಂದಿಗೆ ಮಾತು ಬಿಟ್ಟೆ. ಅವನು ಬಿಡಲಿಲ್ಲ. ಎರಡೂ ಕಡೆಯ ಮಾತನ್ನು ಅವನೇ ಆಡುತ್ತ ನನ್ನ ಬದಿಯಲ್ಲಿ ನಡೆಯುತ್ತಿದ್ದ.

ಆಟದ ಸುದ್ದಿ ಬಂದದ್ದು ಆಮೇಲೆ. ಒಂದು ಗುರುವಾರ ಮಾವ ಕೊನೆಯ ಪುಟದ ಜಾಹೀರಾತು ಓದಿದರು. ಬರುವ ಶನಿವಾರ ಮೂಡುಬಿದಿರೆಯಲ್ಲಿ ಡೇರೆ ಮೇಳದ ಯಕ್ಷಗಾನ, ಹೊಸ ಪ್ರಸಂಗ, ಭರ್ಜರಿ ಬೆಳಕು. "ಹೋಗುವ!" ಎಂದು ಎಡಗೈಯವ ಕೂಗಿದ. "ಹೋಗುವ," ಎಂದೆವು ನಾವೂ. ಹೆಂಡತಿಗೆ ಜ್ವರ ಇದ್ದದ್ದರಿಂದ ಮಾವ ಬರುವುದಿಲ್ಲ ಎಂದರು. "ನೀವು ನೋಡಿ ಬಂದು ಹೇಳಿ. ಒಂದು ವೇಷವೂ ಬಿಡಬಾರದು."

ಶನಿವಾರ ಕೆಲಸ ಬೇಗ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಏಳು ಜನ ಗುರುವಾಯನಕೆರೆಗೆ ನಡೆದು ಮೂಡುಬಿದಿರೆಯ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಹಾಸ್ಯಗಾರನ ಮಾತುಗಳನ್ನು ಮೊದಲೇ ಆಡಿ ಮುಗಿಸಿದೆವು. ಬಿಸಿಲು ಇಳಿಯುವ ಮೊದಲು ಮೈದಾನ ಮುಟ್ಟಿದರೆ ಅಲ್ಲಿ ಡೇರೆ ಇಲ್ಲ. ಕಂಬ ನೆಟ್ಟ ಗುಂಡಿಗಳು ಇದ್ದವು. ನೆಲಗಡಲೆಯ ಸಿಪ್ಪೆ ಇತ್ತು. ಒಂದು ದನ ಮೇಯುತ್ತಿತ್ತು.

ದನ ಹಿಡಿದುಕೊಂಡಿದ್ದ ಹೆಂಗಸು ನಮ್ಮ ಇಸ್ತ್ರಿಯ ಅಂಗಿಗಳನ್ನು ಒಂದೊಂದಾಗಿ ನೋಡಿದಳು. "ಆಟಕ್ಕಾ? ಅದು ಹೋದ ವಾರ ಆಗಿ ಹೋಯ್ತಲ್ಲ ಮಾರಾಯ್ರೆ! ನೀವು ಯಾವ ಊರಿನವರು?"

ಬೆಳ್ತಂಗಡಿ ಎಂದು ಹೇಳಲು ಯಾರಿಗೂ ಧೈರ್ಯ ಬರಲಿಲ್ಲ. ಪೇಪರ್ ಹಳೆಯದೆಂದು ನಮಗೆ ಗೊತ್ತಿಲ್ಲದೆಯೇ? ಏಳು ಜನಕ್ಕೂ ಗೊತ್ತಿತ್ತು. ಹನ್ನೊಂದು ದಿನ ಹಿಂದೆ ಬದುಕಿ ಬದುಕಿ ನಮಗೆ ಅದೇ ಇವತ್ತು ಆಗಿಬಿಟ್ಟಿತ್ತು. ಮೊದಲು ನಕ್ಕವನು ಅವನು. ಗುಂಡಿಯ ಬಳಿ ಕುಕ್ಕರುಗಾಲಲ್ಲಿ ಕೂತು, ಕಣ್ಣೀರು ಒರೆಸಿಕೊಳ್ಳುತ್ತ ನಕ್ಕ. ಆಮೇಲೆ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಬನ್ಸು, ಗೋಳಿಬಜೆ ತಿಂದು ಬಸ್ಸಿನಲ್ಲಿ ವಾಪಸು ಬಂದೆವು.

ಬಸ್ಸಿನಲ್ಲಿ ಅವನು ಹೇಳಿದ, "ಮಾವ ಕೇಳಿದ್ರೆ ಆಟ ನೋಡಿದೆವು, ಒಳ್ಳೆದಾಯ್ತು. ಅಷ್ಟೆ. ಜಾಸ್ತಿ ಹೇಳ್ಲಿಕ್ಕೆ ಹೋಗಬೇಡಿ."

ಜಾಸ್ತಿ ಹೇಳದೆ ಇರುವ ಶಕ್ತಿ ನಮ್ಮವರಿಗೆ ಎಲ್ಲಿತ್ತು! ಸೋಮವಾರ ಮಾವ, "ಹೇಗಾಯ್ತು?" ಎಂದು ಕೇಳಿದ್ದೇ ತಡ, ರಾಕ್ಷಸ ವೇಷ ಬರುವಾಗ ರಂಗಸ್ಥಳ ನಡುಗಿತು ಎಂದ ಒಬ್ಬ. ರಾಕ್ಷಸ ಮಾಡುವವನಿಗೆ ಜ್ವರ ಬಂದು ಆ ವೇಷವೇ ಇರಲಿಲ್ಲ ಎಂದ ಎಡಗೈಯವ, ಅದೇ ಉಸಿರಿನಲ್ಲಿ.

ಮಾವ ಒಬ್ಬನಿಂದ ಇನ್ನೊಬ್ಬನ ಕಡೆಗೆ ನೋಡಿದರು. "ಹಾಗಾದ್ರೆ ರಾಕ್ಷಸ ಕುಣಿದನಾ, ಇಲ್ವಾ?"

"ಕುಣಿದ ಮಾವ," ಎಂದ ಅವನು. "ಜ್ವರದಲ್ಲೇ ಕುಣಿದ. ಅದೇ ಚಂದ ಆದದ್ದು."

ಎಲ್ಲರೂ ನಕ್ಕರು. ಆ ಕ್ಷಣದಲ್ಲಿ ನನಗೆ ಏನಾಯಿತೋ, "ಚಂದ ಆದದ್ದು ಖಾಲಿ ಮೈದಾನದಲ್ಲಿ ಮೇಯುತ್ತಿದ್ದ ದನಕ್ಕೆ," ಎಂದುಬಿಟ್ಟೆ. ನಗು ನಿಂತಿತು. ಮಾವ ನನ್ನನ್ನು ನೋಡಿದರು. ಆಮೇಲೆ ಪಕ್ಕದಲ್ಲಿದ್ದ, ಆಟದ ಜಾಹೀರಾತಿನ ಪೇಪರನ್ನು ಎಳೆದು, ಮೇಲಿನ ತಾರೀಕನ್ನು ಬೆರಳಿಟ್ಟು ಓದಿದರು. ಬಾಯಲ್ಲಿ ದಿನ ಎಣಿಸಿದರು. ಮತ್ತೆ ಆ ದಿನ ಅವರು ಓದಲಿಲ್ಲ.

ಸಂಜೆ ಕಟ್ಟು ಹಾಕಲು ಹೋದವರಿಗೆ ಗೆರಸೆಯನ್ನು ಮಗುಚಿ ತೋರಿಸಿದರು. "ಓದದವನಿಗೆ ಕಟ್ಟು ಕೊಡುವ ಕ್ರಮ ಇಲ್ಲ." ಕಾಕನ ಮೇಜಿಗೆ ಹೋಗಿ, "ನಾಳೆಯಿಂದ ನನ್ನ ಚಾಪೆ ಬೇರೆಯವರಿಗೆ ಕೊಡಿ," ಎಂದು ಹೇಳಿ, ಕತ್ತರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟುಹೋದರು.

ಮರುದಿನ ನಾವು ಬರುವಾಗ ಮಾವನ ಚಾಪೆಯ ಮೇಲೆ ಕಾಕನ ದೊಡ್ಡ ಕರಿಯ ಕೊಡೆ ಅಡ್ಡ ಮಲಗಿತ್ತು. ಜಗಲಿಯಲ್ಲಿ ಕಾಯುತ್ತಿದ್ದ ಒಬ್ಬ ಬಂದು ಕೇಳಿದ. ಕಾಕ, "ಕೊಡೆ ಮಲಗಿದೆ, ಕಾಣುವುದಿಲ್ವಾ?" ಎಂದು ಗದರಿಸಿ ಕಳಿಸಿದರು. ಪೇಪರ್ ಬಂತು. ಯಾರೂ ಎದ್ದು ಹೋಗಿ ತರಲಿಲ್ಲ. ಇಡೀ ದಿನ ಕತ್ತರಿಯ ಶಬ್ದ ಮಾತ್ರ.

ಬುಧವಾರ ಬೆಳಿಗ್ಗೆ ಅವನು ನನಗೆ ಹೇಳಿದ, "ನೀನು ಹೋಗಿ ಕರೆದುಕೊಂಡು ಬಾ."

"ನಾನಾ? ಹಾಳು ಮಾಡಿದವನೇ ನಾನು."

"ಅದಕ್ಕೇ. ನಾನು ಹೋದ್ರೆ ಕನಿಕರ ಅಂತಾರೆ. ನೀನು ಅವರಿಗೆ ಒಂದು ದಿನವೂ ಒಳ್ಳೆ ಮಾತು ಹೇಳಿದವನಲ್ಲ. ನೀನು ಹೇಳಿದ್ರೆ ನಂಬ್ತಾರೆ."

ಅರ್ಧ ಮೈಲು ದೂರದ ಮನೆ. ಮಾವ ಜಗಲಿಯಲ್ಲಿ ಕೂತು ಪೊರಕೆಗೆಂದು ತೆಂಗಿನ ಗರಿಯ ಕಡ್ಡಿ ಕೆರೆಯುತ್ತಿದ್ದರು. ಆ ಬೆರಳುಗಳಲ್ಲಿ ಅದೂ ಸರಿಯಾಗುತ್ತಿರಲಿಲ್ಲ. ಅವರ ಹೆಂಡತಿ ನನಗೆ ಬೆಲ್ಲ, ನೀರು ತಂದಿಟ್ಟು ಒಳಗೆ ಹೋದರು.

"ಅವನು ಕಳಿಸಿದ್ದಾ?" ಎಂದರು ಮಾವ.

"ಹೌದು."

"ನೀನಾಗಿ ಬಂದದ್ದಲ್ಲ."

"ಅಲ್ಲ. ನೀವು ಬಾರದಿದ್ರೆ ಓದ್ಲಿಕ್ಕೆ ನನಗೇ ಸಿಗ್ತದೆ. ನನಗೆ ಆಸೆ ಉಂಟು."

ಮಾವ ತಲೆ ಎತ್ತಿದರು. "ಮತ್ತೆ ಯಾಕೆ ಬಂದದ್ದು, ಪೆದ್ದ?"

ದಾರಿಯಲ್ಲಿ ಯೋಚಿಸಿ ಇಟ್ಟುಕೊಂಡ ಚಂದದ ಮಾತುಗಳು ಒಂದೂ ಬಾಯಿಗೆ ಬರಲಿಲ್ಲ. "ನಿಮ್ಮ ಓದು ಒಳ್ಳೆದಿಲ್ಲ ಮಾವ," ಎಂದೆ. "ಕೇಳಿ ಕೇಳಿ ತಲೆ ಕೆಡ್ತದೆ. ಆಟಕ್ಕೆ ಹೋದವರು ಖಾಲಿ ಮೈದಾನ ನೋಡಿ ಬಂದೆವು. ಆದರೆ ಅವನು ಓದುವಾಗ ಕಾಕ ವಾರಕ್ಕೆ ನನ್ನ ನಾಲ್ಕು ಕಟ್ಟು ಬಿಸಾಡ್ತಿದ್ದರು. ನೀವು ಓದ್ಲಿಕ್ಕೆ ಶುರುಮಾಡಿದ ಮೇಲೆ ಒಂದೂ ಇಲ್ಲ."

"ನಿನ್ನ ಕೈ ಪಳಗಿತು."

"ಹದಿನೇಳು ಜನರ ಕೈಯೂ ಒಟ್ಟಿಗೇ ಪಳಗಿತಾ? ಡಬ್ಬ ಖಾಲಿ ಉಂಟು, ಬಂದು ನೋಡಿ. ನೀವು ಪದ ಮುಗಿಸುವವರೆಗೆ ಕಾಯ್ತೇವಲ್ಲ, ಕಾಯುವಾಗ ಕೈ ತನ್ನಷ್ಟಕ್ಕೇ ಬಿಗಿಯಾಗಿ ಕಟ್ತದೆ."

ಮಾವ ಕಡ್ಡಿ ಕೆರೆಯುವುದನ್ನು ನಿಲ್ಲಿಸಿದರು. "ಎಡಗೈಯವನದ್ದೂ?"

"ಎಡಗೈಯವನದ್ದೂ."

ಸುಳ್ಳಾಗಿದ್ದರೆ ಅವರ ಮುಂದೆ ನಡೆಯುತ್ತಿರಲಿಲ್ಲ. ಅವರು ಕೈ ಚಾಚಿದರು. ನನ್ನ ಅಂಗಿಯ ಕಿಸೆಯಲ್ಲಿ ಹಿಂದಿನ ದಿನ ಕಟ್ಟಿದ ಒಂದು ಕಟ್ಟು ಇತ್ತು, ಕೊಟ್ಟೆ. ಊದಿದ ಹೆಬ್ಬೆರಳಿನಿಂದ ಅದನ್ನು ಒತ್ತಿದರು, ತಿರುಗಿಸಿದರು, ಕಿವಿಯ ಹತ್ತಿರ ಹಿಡಿದು ಅಲುಗಿಸಿದರು.

"ನಿನ್ನೆ ಕಟ್ಟಿದ್ದಾ?"

"ನಿನ್ನೆ."

"ನಿನ್ನೆ ನಾನಿರಲಿಲ್ಲ. ಅದಕ್ಕೇ ಎರಡು ಸಡಿಲ ಉಂಟು," ಎಂದರು. ಮುಖದಲ್ಲಿ ನಗು ಇತ್ತೋ ಇಲ್ಲವೋ ಹೇಳಲಾರೆ. ಆದರೆ ಎದ್ದು ಒಳಗೆ ಹೋಗಿ ಕತ್ತರಿ ಸುತ್ತಿದ ಟವೆಲು ತಂದರು. "ಎರಡು ಮಾತು. ಇನ್ನು ಆ ದಿನದ್ದು ಆ ದಿನವೇ. ಮುಗಿಯದಿದ್ರೆ ಬಿಡುವುದು. ಮತ್ತೆ, ನೀನು ನನ್ನ ಬದಿಯಲ್ಲಿ ಕೂರಬೇಕು. ಸಿಕ್ಕಿಬಿದ್ದಲ್ಲಿ ಹೇಳಿ ಕೊಡು. ನನಗೆ ಕೇಳಿದ್ರೆ ಸಾಕು, ಬೆಳ್ತಂಗಡಿ ಪೇಟೆಗೆ ಕೇಳುವುದು ಬೇಡ."

ನಾವಿಬ್ಬರೂ ಬ್ರಾಂಚಿನ ಮೆಟ್ಟಿಲು ಹತ್ತುವಾಗ ಕಾಕ ಮೇಜು ಬಿಟ್ಟು ಎದ್ದು ಬಂದು, ಏನೋ ಮರೆತವರ ಹಾಗೆ ಕೊಡೆಯನ್ನು ಎತ್ತಿಕೊಂಡು ಹೋದರು. ಮಾವ ಕೂತರು. ಹಳೆಯ ಪೇಪರಿನ ರಾಶಿಯನ್ನು ಬೀಡಿಯ ಪೊಟ್ಟಣ ಮಾಡಲು ಕಾಕನಿಗೆ ಕೊಟ್ಟು, ಆ ದಿನದ ಪೇಪರ್ ಬಿಡಿಸಿದರು.

"ಮತ್ತೆ ಆ ಅಡುಗೆಯವನು?" ಎಂದು ಎಡಗೈಯವ ಗಾಬರಿಯಾಗಿ ಕೇಳಿದ. "ಅವನದ್ದು ಎಂಥ ಆಯ್ತು ಅಂತ ಗೊತ್ತಾಗುವುದು ಹೇಗೆ?"

"ಬಿಡುಗಡೆ ಆಯ್ತು," ಎಂದೆವು ಎಲ್ಲರೂ ಒಟ್ಟಿಗೆ.

ಎಡಗೈಯವ ಬೀಡಿ ಕಟ್ಟುವುದನ್ನು ನಿಲ್ಲಿಸಿ ಸುತ್ತಲೂ ನೋಡಿದ. "ಯಾವಾಗ? ನಿಮಗೆಲ್ಲ ಗೊತ್ತಿತ್ತಾ? ನನಗೊಬ್ಬನಿಗೆ ಯಾರೂ ಹೇಳ್ಲಿಲ್ಲವಾ?" ಮಾವ ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಲ್ಲಿಂದ ನಾಲ್ಕು ವರ್ಷ ಮಾವ ಓದಿದರು. ಬರಬರುತ್ತ ವೇಗವೂ ಬಂತು, ಆದರೆ ಕಾಕನ ಡಬ್ಬ ಮತ್ತೆ ತುಂಬುವಷ್ಟು ಅಲ್ಲ. ನಾನು ಎದುರು ಸಾಲಿಗೆ ಹೋಗಿ ಮಾವನ ಬದಿಯಲ್ಲಿ ಕೂತೆ. ಅಷ್ಟು ಸಮಯ ನನ್ನ ಬಲಬದಿಗೆ ಇದ್ದವನು ಈಗ ನೇರ ಎದುರಿಗಾದ. ಬದಿಯಲ್ಲಿ ಕೂತಾಗ ಕಾಣದ್ದೊಂದು ಎದುರಿಗೆ ಕೂತಾಗ ಕಂಡಿತು. ಮಾವ ಒಂದು ಅಕ್ಷರದಲ್ಲಿ ಸಿಕ್ಕಿಕೊಂಡರೆ ಅವನ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಮಂತ್ರಿಯ ಮಾತಾದರೆ ಮಂತ್ರಿಯ ಹಾಗೆ, ವಕೀಲರದ್ದಾದರೆ ವಕೀಲರ ಹಾಗೆ. ಪೂರ್ತಿ ಪೇಪರನ್ನು ಅವನು ಒಳಗೇ ಓದುತ್ತಿದ್ದ. ಕೈ ಮಾತ್ರ ಬೀಡಿ ಕಟ್ಟುತ್ತಿತ್ತು.

ನನಗೆ ಪದ ಗೊತ್ತಿದ್ದರೂ ಹೇಳಲು ಅವಸರ ಮಾಡುತ್ತಿರಲಿಲ್ಲ. ಮಾವ ಹುಡುಕಲಿ ಎಂದು ಬಿಟ್ಟು, ನಾನು ಅವನ ತುಟಿಯನ್ನೇ ನೋಡುತ್ತಿದ್ದೆ. ಅವನು ನನ್ನನ್ನು ನೋಡಿ ಹುಬ್ಬು ಹಾರಿಸುತ್ತಿದ್ದ, ಇನ್ನೂ ಸ್ವಲ್ಪ ಕಾಯುವ ಎಂಬ ಹಾಗೆ. ನಾವಿಬ್ಬರೂ ಕಾಯುತ್ತಿದ್ದೆವು.